ತೊಳೆದು ಹೊಲಿದ ಕೌದಿ

ನನಗೊಂದು ಚಟವಿದೆ. ಚಟ ಎಂದ ಕೂಡಲೇ ಏನೇನೋ ಊಹಿಸಿಕೊಳ್ಳಬೇಡಿ. ನಾನಿರುವುದು ಸೌದಿಯ ಯಾನ್ಬುವಿನಲ್ಲಿ. ಇಲ್ಲಿ ಚಟಗಳಿಗೆ ಅವಕಾಶ ಕಡಿಮೆ. ನನ್ನದು ಬಟ್ಟೆ ತೊಳೆಯುವ ಚಟ. ಅಂಗಡಿಯಿಂದ ತಂದ ಹೊಸ ಅಂಗಿಯನ್ನೂ ಒಂದು ಸಲ ನೀರಿಗೆ ಹಾಕದೆ ಮೈಗೆ ಹಾಕುವವಳಲ್ಲ. ನೆಂಟರ ಮನೆಗೆ ಹೋದರೆ ಅವರು ಕೊಟ್ಟ ಚಾದರವನ್ನು ಮೊದಲು ಮೂಸುತ್ತೇನೆ, ಮೂಸುವಾಗ ಸಿಕ್ಕಿಬಿದ್ದರೆ "ಎಷ್ಟು ಘಮ ಅಂತೈತಿ" ಎಂದು ಸುಳ್ಳು ಹೇಳುತ್ತೇನೆ. ನನ್ನ ಗಂಡ ರಿಫೈನರಿಯ ಪಾಳಿ ಮುಗಿಸಿ ಬಂದು ಸೋಫಾದ ಮೇಲೆ ಕೂರುವಷ್ಟರಲ್ಲಿ ಅವರ ಕವರಾಲ್ ಮಷೀನಿನೊಳಗೆ ತಿರುಗುತ್ತಿರುತ್ತದೆ. "ಇನ್ನೊಂದು ಗಳಿಗೆ ಕೂತ್ರೆ ನನ್ನನ್ನೂ ಅದರೊಳಗೆ ಹಾಕ್ತೀಯಾ ಮಾರಾಯ್ತಿ?" ಎನ್ನುತ್ತಾರೆ. ಅವರು ಉಡುಪಿ ಕಡೆಯವರು, ನಾನು ಹಾವೇರಿ ಕಡೆಯವಳು. ಹುಬ್ಬಳ್ಳಿಯ ಕಾಲೇಜಿನಲ್ಲಿ ಪರಿಚಯವಾಗಿ, ಮನೆಯವರನ್ನು ಒಪ್ಪಿಸಿ ಮದುವೆಯಾದವರು. ಇಷ್ಟು ವರ್ಷವಾದರೂ ಇಬ್ಬರ ಕನ್ನಡವೂ ತನ್ನ ಜಾಗ ಬಿಟ್ಟು ಕದಲಿಲ್ಲ.

ಈ ಚಟ ಹುಟ್ಟಿನಿಂದ ಬಂದದ್ದಲ್ಲ. ಅದಕ್ಕೊಂದು ಇರುವೆಯ ಪುರಾಣವಿದೆ.

ನಾನಾಗ ಮೂರನೇ ಇಯತ್ತೆಯೋ ನಾಲ್ಕನೆಯದೋ. ಬೇಸಿಗೆ ರಜೆಗೆ ಚಿಗವ್ವನ ಮನೆಯಲ್ಲಿದ್ದೆ. ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯಲ್ಲಿ ಕೌದಿ ಹಾಸುತ್ತಿದ್ದರು. ಕೌದಿ ಗೊತ್ತಲ್ಲ? ಹಳೆ ಸೀರೆ, ಹಳೆ ಧೋತರ, ಹರಿದ ಅಂಗಿ ಇವನ್ನೆಲ್ಲ ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಸಣ್ಣ ಸಣ್ಣ ಹೊಲಿಗೆ ಹಾಕಿ ಮಾಡುವ ಹೊದಿಕೆ. ನಾಲ್ಕು ಮೂಲೆಗೆ ನಾಲ್ಕು ಹೆಂಗಸರು ಕೂತು ಅಂಚಿನಿಂದ ಹೊಲಿಯುತ್ತ ನಡುವಿನ ಕಡೆ ಬರುತ್ತಿದ್ದರು. ನನ್ನ ಕೆಲಸ ಸೂಜಿಗೆ ದಾರ ಪೋಣಿಸುವುದು. ಊರಿನ ಅರ್ಧ ಸುದ್ದಿ ನನಗೆ ತಿಳಿದದ್ದು ಆ ದಾರ ಪೋಣಿಸುವ ನೆಪದಲ್ಲಿ. ನಾನು ಕಣ್ಣು ಕಿರಿದು ಮಾಡಿ ಸೂಜಿಯನ್ನೇ ನೋಡುತ್ತಿದ್ದರೆ ಅವರು ನನಗೆ ಕಿವಿಯೂ ಇದೆ ಎಂಬುದನ್ನು ಮರೆತುಬಿಡುತ್ತಿದ್ದರು.

ನನಗೂ ಆ ಕೌದಿಯಲ್ಲಿ ನನ್ನದೊಂದು ಬಟ್ಟೆ ಇರಲಿ ಎಂಬ ಆಸೆ. ಗೂಟಕ್ಕೆ ಕಾಕಾನ ಗೆರೆಗೆರೆಯ ಅಂಗಿ ತೂಗುಹಾಕಿತ್ತು. ಯಾರೂ ನೋಡದಾಗ ಅದನ್ನು ಎಳೆದು ಪದರದ ನಡುವೆ ತೂರಿಸಿದೆ. ಕಿಸೆಯಲ್ಲಿ ಬೆಲ್ಲದ ಹೆಂಟೆ ಇದ್ದದ್ದು ನನಗೇನು ಗೊತ್ತು? ಕಾಕಾ ಎಂಟು ದಿನ ಅಂಗಿ ಹುಡುಕಿದರು. ಆಮೇಲೆ ಚಿಗವ್ವನ ಮಗಳನ್ನು ನೋಡಲು ಬೀಗರಾಗುವವರು ಬಂದರು. ಊಟವಾದ ಮೇಲೆ ಅವರಲ್ಲಿ ಹಿರಿಯರಿಗೆ ಹೊಸ ಕೌದಿಯನ್ನೇ ಹಾಸಿ ಮಲಗಿಸಿದರು. ಅರ್ಧ ತಾಸಿನಲ್ಲಿ ಆ ಮುದುಕರು ಕೆಂಪಿರುವೆ ಝಾಡಿಸುತ್ತ ಪಡಸಾಲೆ ತುಂಬ ಕುಣಿಯತೊಡಗಿದರು. ಮದುವೆಯೇನೋ ಆಯಿತು. ನನ್ನ ಕಿವಿ ಮಾತ್ರ ಎರಡು ದಿನ ಬಿಸಿ ಇತ್ತು.

"ತೊಳೀಲಾರದ ಅರಿವಿ ಕೌದ್ಯಾಗ ಹಾಕಿದ್ರ ಅದು ಹಾಸಿಗಿ ಅಲ್ಲ, ಇರಿವಿ ಗೂಡು," ಎಂದು ಚಿಗವ್ವ ಕಿವಿ ಹಿಂಡುತ್ತಲೇ ಪಾಠ ಹೇಳಿದಳು. "ಮೊದ್ಲ ತೊಳಿ, ಆಮ್ಯಾಲ ಹೊಲಿ. ತಿಳೀತಿಲ್ಲ?"

ತಿಳಿಯಿತು. ಎಷ್ಟು ತಿಳಿಯಿತೆಂದರೆ ಇವತ್ತಿಗೂ ಮರೆತಿಲ್ಲ. ಒಂದಿಷ್ಟು ಮರೆತಿದ್ದರೆ ಒಳ್ಳೆಯದಿತ್ತು ಎನ್ನುವುದಕ್ಕೇ ಈಗ ಹೋದ ವರ್ಷದ ಕಥೆ ಹೇಳಲು ಕೂತಿದ್ದೇನೆ.

ಯಾನ್ಬುವಿನಲ್ಲಿ ಸಮುದ್ರಕ್ಕೆ ಎರಡು ಬೀದಿ ಹಿಂದೆ ನಮ್ಮ ಬಾಡಿಗೆ ಮನೆ. ಕೆಳಗೆ ಮನೆಯೊಡತಿ, ಮೇಲೆ ನಾವು. ಇಲ್ಲಿ ಹೆಂಗಸರನ್ನು ಹಿರಿಯ ಮಗನ ಹೆಸರು ಹಿಡಿದು ಕರೆಯುವುದು ಮರ್ಯಾದೆ. ಅವರು ಸಾಲಿಹನ ತಾಯಿ, ಉಮ್ ಸಾಲಿಹ್. ನಾನು ಉಮ್ ಪ್ರಣವ್. ನನಗೊಂದು ಸ್ವಂತ ಹೆಸರಿದೆ ಎಂಬುದು ಇಕಾಮಾ, ಅಂದರೆ ಇಲ್ಲಿ ವಾಸಿಸಲು ಕೊಡುವ ಪರವಾನಗಿಯ ಕಾರ್ಡು ತೆಗೆದಾಗ ಮಾತ್ರ ನೆನಪಾಗುತ್ತದೆ. ಉಮ್ ಸಾಲಿಹ್ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅವರ ಇಂಗ್ಲಿಷು, ನನ್ನ ಮುರುಕು ಅರಬಿ, ಇಬ್ಬರಿಗೂ ಅಷ್ಟಿಷ್ಟು ಬರುವ ಹಿಂದಿ ಎಲ್ಲ ಸೇರಿ ನಮ್ಮ ಮಾತುಕತೆ ನಡೆಯುತ್ತದೆ. ಇಲ್ಲಿ ಅದನ್ನೆಲ್ಲ ಕನ್ನಡದಲ್ಲೇ ಬರೆಯುತ್ತೇನೆ, ನಮ್ಮಿಬ್ಬರ ವ್ಯಾಕರಣದ ಮಾನ ಉಳಿಯಲಿ.

ಕೆಳಮನೆಯಲ್ಲಿ ಉಮ್ ಸಾಲಿಹ್ ಜೊತೆ ಅವರ ವಯಸ್ಸಾದ ತಾಯಿ ಇದ್ದರು. ಮಗಳು ರೀಮ್ ಕೆನಡಾಕ್ಕೆ ಓದಲು ಹೋಗಿದ್ದಳು. ರೀಮ್ ಬೆಳೆದದ್ದೆಲ್ಲ ಅಜ್ಜಿಯ ಮಡಿಲಲ್ಲೇ. ತಾಯಿ ಶಾಲೆಗೆ ಹೋಗುವವರು, ಮನೆಗೆ ಬಂದ ಮೇಲೂ ಟೀಚರೇ. ಹುಡುಗಿಗೆ ತಲೆ ಬಾಚಿದ್ದು, ಖರ್ಜೂರದ ಬೀಜ ತೆಗೆದು ಬಾಯಿಗಿಟ್ಟದ್ದು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದ್ದು ಅಜ್ಜಿ. ಆ ಅಜ್ಜಿ ಒಂದು ಬೆಳಿಗ್ಗೆ ತೀರಿಕೊಂಡರು. ನಾನೂ ಕೆಳಗೆ ಹೋಗಿ ಹೆಂಗಸರ ನಡುವೆ ಕೂತು ಬಂದೆ. ರೀಮ್ ಬರಲಿಲ್ಲ. ದೂರದ ದಾರಿ, ಟಿಕೆಟ್ ಸಿಕ್ಕಿರಲಿಕ್ಕಿಲ್ಲ ಎಂದುಕೊಂಡು ಸುಮ್ಮನಾದೆ.

ಕೆಲವು ತಿಂಗಳಾದ ಮೇಲೆ ಒಂದು ದಿನ ಉಮ್ ಸಾಲಿಹ್ ನೀರಿನ ಟ್ಯಾಂಕು ನೋಡಲು ತಾರಸಿಗೆ ಬಂದವರು ನಮ್ಮ ಹಗ್ಗದ ಮೇಲಿದ್ದ ಕೌದಿಯ ಮುಂದೆ ನಿಂತುಬಿಟ್ಟರು. ಅದು ನನ್ನ ಅವ್ವನ ಸೀರೆಗಳದ್ದು. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಅದನ್ನು ನೋಡಿ, "ಹಳೆ ಬಟ್ಟೆಗೆ ಹಳೆ ಬಟ್ಟೆ ಹೊಲಿದ್ರೆ ಎಂತ ಸಿಗ್ತದೆ? ದೊಡ್ಡ ಹಳೆ ಬಟ್ಟೆ ಸಿಗ್ತದೆ" ಎಂದಿದ್ದರು. ಈಗ ಏಸಿ ಹಾಕಿ ಮಲಗುವಾಗ ಅದನ್ನು ಯಾರು ಎಳೆದುಕೊಳ್ಳುತ್ತಾರೆ ಎಂದು ನಾನು ಹೇಳುವುದಿಲ್ಲ.

ಉಮ್ ಸಾಲಿಹ್ ಕೇಳಿದ ಪ್ರಶ್ನೆಗಳಿಗೆಲ್ಲ ನಾನು ಹುರುಪಿನಿಂದ ಉತ್ತರ ಕೊಟ್ಟೆ. ಇದು ಅವ್ವ ಯುಗಾದಿಗೆ ಉಟ್ಟದ್ದು, ಇದು ನಾನು ಹುಟ್ಟಿದಾಗ ಉಟ್ಟದ್ದು ಎಂದು ಒಂದೊಂದು ತುಂಡನ್ನೂ ಮುಟ್ಟಿ ತೋರಿಸಿದೆ. ಅವರು ತುಂಡುಗಳ ಮೇಲೆ ಕೈಯಾಡಿಸುತ್ತ ಕೇಳಿಸಿಕೊಂಡರು. ಮರುದಿನ ಮಧ್ಯಾಹ್ನ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಹಿಡಿದು ಮೇಲೆ ಬಂದರು. ಬಾಯಿಗೆ ಬಿಗಿಯಾಗಿ ಮೂರು ಗಂಟು.

"ನನ್ನ ತಾಯಿಯ ಬಟ್ಟೆಗಳು," ಎಂದರು. "ರೀಮ್‌ಗೆ ಇಂಥದ್ದೊಂದು ಮಾಡಿಕೊಡುತ್ತೀಯಾ, ಉಮ್ ಪ್ರಣವ್? ಅಲ್ಲಿ ತುಂಬ ಚಳಿ. ಪೋಸ್ಟಿನಲ್ಲಿ ಕಳಿಸೋಣ."

ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ. ಈ ಊರಿನಲ್ಲಿ ಯಾರಾದರೂ ನನ್ನನ್ನು ಕೌದಿ ಹೊಲಿದುಕೊಡು ಎಂದು ಕೇಳುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಹೇಳಬೇಕಾದ ಒಂದು ಮಾತನ್ನು ಅವರು ಹೇಳಲಿಲ್ಲ, ಕೇಳಬೇಕಾದ ಒಂದು ಮಾತನ್ನು ನಾನು ಕೇಳಲಿಲ್ಲ. ಇಬ್ಬರಿಗೂ ಅದು ಹೇಳಿ ಕೇಳಿ ಮಾಡುವ ವಿಷಯವೇ ಅಲ್ಲ ಎನಿಸಿತ್ತು.

ಚೀಲ ಬಿಚ್ಚಿದೆ. ಮನೆಯಲ್ಲಿ ತೊಡುವ ಉದ್ದನೆಯ ನಿಲುವಂಗಿಗಳು ಒಂಬತ್ತು, ಪ್ರಾರ್ಥನೆಗೆ ಹೊದೆಯುವ ಹೂಹೂವಿನ ಬಟ್ಟೆ ಎರಡು. ಗಾಢವಾದ ವಾಸನೆ ಒಮ್ಮೆಗೇ ಮೂಗಿಗೆ ಬಡಿಯಿತು. ಬಖೂರ್ ಎಂದು ಇಲ್ಲಿ ಸುಗಂಧದ ಕಟ್ಟಿಗೆ ಚೂರನ್ನು ಕೆಂಡಕ್ಕೆ ಹಾಕಿ ಬಟ್ಟೆಗೆ ಹೊಗೆ ಹಿಡಿಯುತ್ತಾರೆ, ಅದರದ್ದು. ಅದರ ಜೊತೆಗೆ ತಲೆಯೆಣ್ಣೆ, ನೋವಿನ ಮುಲಾಮು, ಮುಪ್ಪಿನ ಮೈ. ನಮ್ಮಲ್ಲಿ ತೀರಿಕೊಂಡವರ ಬಟ್ಟೆಯೆಂದರೆ ಮೊದಲು ನೀರಿಗೇ ಬೀಳಬೇಕು. ಮೇಲಾಗಿ ಚಿಗವ್ವನ ಪಾಠ. ಸೋಡಾ ಹಾಕಿ ರಾತ್ರಿಯಿಡೀ ನೆನೆಸಿದೆ. ನಿಂಬೆಯ ಪರಿಮಳದ ಪುಡಿ ಹಾಕಿ ಬಿಸಿನೀರಿನಲ್ಲಿ ತಿರುಗಿಸಿದೆ. ಹೊಗೆಯ ವಾಸನೆ ಹಠಮಾರಿ, ಒಂದು ಸಲಕ್ಕೆ ಹೋಗಲಿಲ್ಲ. ನಾನೂ ಬಿಡಲಿಲ್ಲ. ಮೂರು ಸಲ ತೊಳೆದೆ. ಯಾನ್ಬುವಿನ ಬಿಸಿಲು ಗೊತ್ತಲ್ಲ, ಒಂದು ತಾಸಿನಲ್ಲಿ ಹಪ್ಪಳದ ಹಾಗೆ ಒಣಗಿದವು. ಹಗ್ಗದ ತುಂಬ ಸಾಲಾಗಿ ಹಾರಾಡುತ್ತಿದ್ದ ಆ ಬಟ್ಟೆಗಳನ್ನು ಫೋಟೋ ತೆಗೆದು ನನ್ನ ಗಂಡನಿಗೆ ಕಳಿಸಿದೆ. ಅಷ್ಟು ಹೆಮ್ಮೆ ನನಗೆ.

ಆಗಲೇ ಉಮ್ ಸಾಲಿಹ್ ಕಾಫಿಯ ಹೂಜಿ ಹಿಡಿದು ತಾರಸಿಗೆ ಬಂದರು. ಬಟ್ಟೆಗಳನ್ನು ನೋಡಿ ನಿಂತರು. ಹೂಜಿಯನ್ನು ಮೆಲ್ಲಗೆ ಕೆಳಗಿಟ್ಟು ಒಂದು ನಿಲುವಂಗಿಯ ತೋಳನ್ನು ಮೂಗಿಗೆ ಹಿಡಿದರು. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು. ಹನ್ನೊಂದನ್ನೂ ಮೂಸಿ ಹಗ್ಗದ ತುದಿಗೆ ಬಂದು ನಿಂತರು.

"ನಿಂಬೆ," ಎಂದರು.

"ಹೌದು, ಚೆನ್ನಾಗಿ ತೊಳೆದಿದ್ದೇನೆ," ಎಂದೆ ನಾನು. ಆ ಮಾತು ನೆನೆದರೆ ಈಗಲೂ ಮುಖ ಎಲ್ಲಿಡಲಿ ಎನಿಸುತ್ತದೆ.

ಅವರು ಟ್ಯಾಂಕಿನ ಕಟ್ಟೆಯ ಮೇಲೆ ಕೂತರು. ಬೈಯಲಿಲ್ಲ. ಬೈದಿದ್ದರೆ ನಾನು ಬದುಕುತ್ತಿದ್ದೆ. ನಿಧಾನವಾಗಿ ಹೇಳಿದರು. ತಮ್ಮ ತಾಯಿ ತೀರಿಕೊಂಡಾಗ ರೀಮ್‌ಗೆ ಪರೀಕ್ಷೆ ನಡೆಯುತ್ತಿತ್ತು. ಹುಡುಗಿ ಕುಸಿದುಬಿಟ್ಟಾಳು, ವರ್ಷ ಹಾಳಾದೀತು ಎಂದು ಇವರು ಸುದ್ದಿ ಹೇಳಲಿಲ್ಲ. ಅವಳು ಫೋನ್ ಮಾಡಿದಾಗಲೆಲ್ಲ ಅಜ್ಜಿ ಮಲಗಿದ್ದಾಳೆ, ಅಜ್ಜಿ ಸ್ನಾನಕ್ಕೆ ಹೋಗಿದ್ದಾಳೆ ಎಂದರು. ಹನ್ನೊಂದು ದಿನ. ಪರೀಕ್ಷೆ ಮುಗಿದ ಸಂಜೆ ಹೇಳಿದರು. ಅಂದಿನಿಂದ ರೀಮ್ ಜಗಳವಾಡಲಿಲ್ಲ, ಅಳಲೂ ಇಲ್ಲ. ಕೇಳಿದ್ದಕ್ಕೆ "ಹೂಂ", "ಸರಿ" ಎಂದು ಮೆಸೇಜು. ತಾಯಿಯ ದನಿ ಕೇಳಲು ಒಪ್ಪುತ್ತಿರಲಿಲ್ಲ.

"ಅಜ್ಜಿಯ ವಾಸನೆ ಈ ಬಟ್ಟೆಯಲ್ಲಿತ್ತು," ಎಂದರು. "ಅದನ್ನಾದರೂ ಅವಳಿಗೆ ಕೊಡೋಣ ಅಂತ ಕಪಾಟು ಕೂಡ ತೆಗೆಯದೆ ಇಟ್ಟಿದ್ದೆ. ನನಗೆ ಮೂಸಬೇಕು ಅನಿಸಿದರೂ ಮೂಸಲಿಲ್ಲ, ಖರ್ಚಾಗಿಬಿಟ್ಟೀತು ಅಂತ."

ಆ ಮೂರು ಗಂಟಿನ ಅರ್ಥ ನನಗೆ ಆಗ ತಿಳಿಯಿತು. ಕೊಳೆ ಹೊರಗೆ ಬರಬಾರದೆಂದು ಕಟ್ಟಿದ್ದಾರೆ ಎಂದುಕೊಂಡಿದ್ದೆ. ಕಣ್ಣಲ್ಲಿ ನೀರು ದಳದಳ ಇಳಿಯಿತು. ಕ್ಷಮಿಸಿ ಎನ್ನಲು ಅರಬಿಯಲ್ಲಿ ನನಗೆ ಗೊತ್ತಿದ್ದದ್ದು ಬಸ್ಸಿನಲ್ಲಿ ಕಾಲು ತುಳಿದಾಗ ಹೇಳುವ ಶಬ್ದ ಒಂದೇ. ಅದನ್ನೇ ಹತ್ತು ಸಲ ಹೇಳಿದೆ. ಅವರು ನನ್ನ ಬೆನ್ನು ಸವರಿ ಕಾಫಿ ಬಗ್ಗಿಸಿಕೊಟ್ಟರು. ತಪ್ಪು ಮಾಡಿದವಳಿಗೆ ಸಮಾಧಾನ ಹೇಳುವ ಕೆಲಸವೂ ಅವರ ಪಾಲಿಗೇ ಬಂತು.

ಮನೆಗೆ ಬಂದ ಗಂಡನಿಗೆ ಎಲ್ಲ ಹೇಳಿದೆ. ಅವರು ತಮಾಷೆ ಮಾಡಲಿಲ್ಲ. "ಎಂತ ಮಾಡ್ಲಿಕ್ಕಾಗ್ತದೆ, ನಿನಗೆ ಗೊತ್ತಿರಲಿಲ್ಲ," ಎಂದರು. ಆಮೇಲೆ ಸ್ವಲ್ಪ ತಡೆದು, "ಇನ್ನು ಹೊಲಿಯುವುದಾದ್ರೂ ಲಾಯ್ಕಲ್ಲಿ ಹೊಲಿ," ಎಂದರು.

ಹೊಲಿದೆ. ಎರಡು ತಿಂಗಳು ಹಿಡಿಯಿತು. ಮಧ್ಯಾಹ್ನದ ನಮಾಜು ಮುಗಿಸಿ ಉಮ್ ಸಾಲಿಹ್ ಮೇಲೆ ಬರುತ್ತಿದ್ದರು. ಕನ್ನಡಕ ಏರಿಸಿ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದರು. ದಿನ ಕಳೆದಂತೆ ಒಂದೊಂದು ತುಂಡು ಕತ್ತರಿಸುವಾಗಲೂ ಅವರಿಗೆ ಏನಾದರೂ ನೆನಪಾಗತೊಡಗಿತು. ತಾಯಿಗೆ ಓದು ಬರೆಹ ಬರುತ್ತಿರಲಿಲ್ಲವಂತೆ, ಮಗಳ ಇಂಗ್ಲಿಷ್ ಪುಸ್ತಕ ತಲೆಕೆಳಗು ಹಿಡಿದು ಪಾಠ ಒಪ್ಪಿಸು ಎನ್ನುತ್ತಿದ್ದರಂತೆ. ಮೀನು ಹುರಿಯುವಾಗ ಎಣ್ಣೆ ಸಿಡಿದ ಕಲೆ ಒಂದು ತೋಳಿನಲ್ಲಿತ್ತು, ನನ್ನ ಮೂರು ಸಲದ ತೊಳೆತಕ್ಕೂ ಜಗ್ಗಿರಲಿಲ್ಲ. ಆ ತುಂಡನ್ನು ಉಮ್ ಸಾಲಿಹ್ ಮೇಲ್ಗಡೆಯೇ ಹಾಕಿಸಿದರು.

ಒಂದು ದಿನ ನಾನೇ ಬಾಯಿಬಿಟ್ಟೆ. "ನಿಮ್ಮ ಮನೆಯ ಬಖೂರ್ ಇದೆಯಲ್ಲ, ಅದರ ಹೊಗೆ ಹಾಕೋಣ. ಆ ಎಣ್ಣೆ, ಆ ಮುಲಾಮು ಕೂಡ ಸ್ವಲ್ಪ ತಾಗಿಸೋಣ. ಅವಳಿಗೆ ಗೊತ್ತಾಗುವುದಿಲ್ಲ."

ಅವರು ಇನ್ನೊಂದು ಸೂಜಿಗೆ ದಾರ ಪೋಣಿಸಿ ಕೊಟ್ಟರು. ಆದರೆ ಕೌದಿ ಮುಗಿದ ದಿನ ಧೂಪದಾನಿ ತಂದು ಕೆಂಡದ ಮೇಲೆ ಚೂರು ಹಾಕಿದರು. ನಾವಿಬ್ಬರೂ ಕೌದಿಯ ನಾಲ್ಕು ಮೂಲೆ ಹಿಡಿದು ಹೊಗೆಯ ಮೇಲೆ ಅತ್ತಿತ್ತ ಆಡಿಸಿದೆವು. ಎಣ್ಣೆ, ಮುಲಾಮು ಮಾತ್ರ ಅವರು ತರಲಿಲ್ಲ. ನಾನು ಮೂಸಿ ನೋಡಿದೆ. ಹೆಚ್ಚುಕಡಿಮೆ ಅದೇ. ಸದ್ಯ ನಾನು ಬದುಕಿದೆ ಎಂದುಕೊಂಡೆ.

ಪಾರ್ಸೆಲ್ ಕಳಿಸುವ ಬೆಳಿಗ್ಗೆ ಕೌದಿಯನ್ನು ಮಡಿಸಿ ಚೀಲಕ್ಕೆ ಹಾಕುತ್ತಿದ್ದೆ. ಉಮ್ ಸಾಲಿಹ್ ನನ್ನ ಕೈ ಹಿಡಿದು ನಿಲ್ಲಿಸಿದರು.

"ಒಂದು ಸಲ ಅವಳ ಒಳ್ಳೆಯದಕ್ಕೆ ಅಂತ ಮುಚ್ಚಿಟ್ಟೆ," ಎಂದರು. "ಮತ್ತೆ ಅದನ್ನೇ ಮಾಡುತ್ತಿದ್ದೇನಲ್ಲ?"

ಅವರು ಫೋನ್ ತೆಗೆದು ಬಾಯಿಯ ಹತ್ತಿರ ಹಿಡಿದು ಮಗಳಿಗೆ ಮಾತು ರೆಕಾರ್ಡ್ ಮಾಡಿದರು. ಟೀಚರಿನ ದನಿ, ಒಂದೊಂದು ಶಬ್ದವೂ ಬಿಡಿಬಿಡಿ. "ರೀಮ್, ಅಜ್ಜಿಯ ಬಟ್ಟೆಗಳಿಂದ ಮಾಡಿದ ಹೊದಿಕೆ ಕಳಿಸುತ್ತಿದ್ದೇನೆ. ಅವಳ ವಾಸನೆ ಅದರಲ್ಲಿಲ್ಲ. ಬಟ್ಟೆ ತೊಳೆದುಹೋಯಿತು. ಈಗ ಇರುವ ಬಖೂರ್ ನಾನು ಹಾಕಿದ್ದು. ನೀನು ಬಿಚ್ಚುವುದಕ್ಕೆ ಮೊದಲೇ ಹೇಳುತ್ತಿದ್ದೇನೆ."

"ತೊಳೆದವಳು ನಾನು ಅಂತ ಹೇಳಿ," ಎಂದೆ.

"ಬೇಡ. ನಿನ್ನ ಮೇಲೆ ಯಾಕೆ ಅವಳಿಗೆ ಹೊಸ ಸಿಟ್ಟು? ನನ್ನ ಮೇಲೆ ಹೇಗೂ ಹಳೆಯದು ಇದೆ."

ಕೊರಿಯರ್ ಆಫೀಸಿನಲ್ಲಿ ಹಮೀದ್ ಭಾಯಿ ಇದ್ದರು. ಕಾಪು ಕಡೆಯವರು. ಊರಿಗೆ ಏನು ಕಳಿಸುವುದಿದ್ದರೂ ನಾವು ಅವರ ಕೌಂಟರಿಗೇ ಹೋಗುವುದು. ಉಮ್ ಸಾಲಿಹ್ ಜೊತೆ ನನ್ನನ್ನು ನೋಡಿ ಎದ್ದು ನಿಂತರು.

"ಎಂತ ಅಕ್ಕ, ಊರಿಗಾ?"

"ಇಲ್ರಿ, ಕೆನಡಾಕ್ಕ."

ಅವರು ಕೌದಿಯನ್ನು ಒತ್ತಿ ನೋಡಿದರು. "ಭಾರಿ ಗಟ್ಟಿ ಉಂಟಲ್ಲ. ಕೈಯಲ್ಲೇ ಹೊಲಿದದ್ದಾ? ನನ್ನ ಹೆಂಡತಿ ಅಂಗಿಗೆ ಒಂದು ಬಟನ್ ಹಾಕ್ಲಿಕ್ಕೆ ಒಂದು ತಿಂಗಳು ಮಾಡ್ತಾಳೆ." ಫಾರ್ಮು ತುಂಬುತ್ತ ಹೋದರು. "ತಿನ್ನುವ ವಸ್ತು, ಕಾಳು, ಬೀಜ, ಅಂಥದ್ದು ಎಂತದಾದ್ರೂ ಉಂಟಾ?"

"ಇಲ್ಲ," ಎಂದೆ ಥಟ್ಟನೆ.

ಪ್ರಶ್ನೆ ಏನೆಂದು ಉಮ್ ಸಾಲಿಹ್ ಅರಬಿಯಲ್ಲಿ ವಿಚಾರಿಸಿದರು. ಹಮೀದ್ ಭಾಯಿ ಹೇಳಿದರು. "ಇದೆ," ಎಂದರು ಉಮ್ ಸಾಲಿಹ್. "ರೊಟ್ಟಿ."

ಇಲ್ಲಿ ನಿಮಗೊಂದು ವಿಷಯ ಹೇಳುವುದು ಬಾಕಿಯಿತ್ತು. ನಮ್ಮ ಕಡೆ ಕೌದಿ ಹೊಲಿಯುತ್ತ ನಡುವಿಗೆ ಬಂದು ಅಂಗೈಯಗಲ ಜಾಗ ಉಳಿದಾಗ, ಅಲ್ಲಿ ಹೋಳಿಗೆಯ ಚೂರನ್ನೋ ರೊಟ್ಟಿಯ ಚೂರನ್ನೋ ಇಟ್ಟು ಮುಚ್ಚಿ ಹೊಲಿಯುತ್ತಾರೆ. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ ಎಂದು ನಂಬಿಕೆ. ಇರುವೆಯ ಪ್ರಸಂಗವಾದ ಮೇಲೆ ನಾನು ಹೋಳಿಗೆಯ ಪಕ್ಷ ಬಿಟ್ಟು ಖಡಕ್ ರೊಟ್ಟಿಯ ಪಕ್ಷಕ್ಕೆ ಸೇರಿದ್ದೇನೆ. ರೀಮಳ ಕೌದಿಯಲ್ಲೂ ಊರಿಂದ ತಂದ ಜೋಳದ ರೊಟ್ಟಿಯ ಒಂದು ಚೂರು ಇಟ್ಟಿದ್ದೆ. ಇಡುವಾಗ ಉಮ್ ಸಾಲಿಹ್ ಪಕ್ಕದಲ್ಲೇ ಇದ್ದರು.

ಹಮೀದ್ ಭಾಯಿ ಪೆನ್ನು ಕೆಳಗಿಟ್ಟರು. "ರೊಟ್ಟಿಯಾ? ಎಲ್ಲಿ ಉಂಟು?"

"ಹೊಟ್ಯಾಗ," ಎಂದೆ ತಲೆ ತಗ್ಗಿಸಿ.

"ಯಾರ ಹೊಟ್ಟೆಯಲ್ಲಿ ಮಾರಾಯ್ರೆ?"

ವಿವರಿಸಿದೆ. ಅವರು ನಕ್ಕರು, ಆಮೇಲೆ ಗಂಭೀರವಾದರು. "ಹಾಗೇ ಕಳಿಸಿದ್ರೆ ಅಲ್ಲಿ ಕಸ್ಟಮ್ಸ್‌ನವರು ತಡೆದಾರು ಅಕ್ಕ. ತೆಗೀಲೇಬೇಕು."

ಅವರದೇ ಕತ್ತರಿ ತೆಗೆದುಕೊಂಡು ನಡುವಿನ ತುಂಡಿನ ಒಂದು ಬದಿ ಬಿಚ್ಚಿದೆ. ರೊಟ್ಟಿಯ ಚೂರು ಹೊರಗೆ ಬಂತು. ಖಾಲಿಯಾದ ಆ ಬಾಯನ್ನು ನೋಡಿ ನನಗೆ ಸಂಕಟವಾಯಿತು. ಸೂಜಿ ದಾರ ಹೇಗೂ ನನ್ನ ಚೀಲದಲ್ಲೇ ಇರುತ್ತವೆ. ಆದರೆ ಹೊಲಿಯಲು ಕೈ ಮುಂದೆ ಬರಲಿಲ್ಲ. ಉಮ್ ಸಾಲಿಹ್ ಅದನ್ನು ಕಂಡರು. ಕೌದಿಯ ಬಾಯನ್ನು ಎರಡು ಬೆರಳಿಂದ ಅಗಲಿಸಿ, ಮುಖ ಹತ್ತಿರ ತಂದು, ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಪಠಿಸಿದರು. ಮಗು ಬೆಚ್ಚಿದಾಗ ಇಲ್ಲಿಯ ತಾಯಂದಿರು ಹೀಗೇ ಪ್ರಾರ್ಥನೆ ಹೇಳಿ ಉಸಿರು ಊದುತ್ತಾರೆ. ಮೂರು ಸಲ ಒಳಗೆ ಊದಿದರು.

"ಯಲ್ಲಾ, ಬೇಗ ಹೊಲಿ," ಎಂದರು. "ಹೊರಗೆ ಹೋದೀತು."

ಹಮೀದ್ ಭಾಯಿ ಫಾರ್ಮನ್ನು ಮೇಲೆ ಕೆಳಗೆ ನೋಡಿ, "ಇದಕ್ಕೆ ಇದರಲ್ಲಿ ಕಾಲಮ್ ಇಲ್ಲ ಅಕ್ಕ," ಎಂದರು. ಮೆಲ್ಲಗೆ ಆಮೀನ್ ಎಂದು ಸೀಲು ಒತ್ತಿದರು.

ಕಾಯುವುದು ಶುರುವಾಯಿತು. ಪಾರ್ಸೆಲ್ ಎಲ್ಲಿದೆ ಎಂದು ಫೋನಿನಲ್ಲಿ ನೋಡುವ ಕೆಲಸ ನನ್ನ ಗಂಡನದು. ಜಿದ್ದಾ ದಾಟಿತು, ಯಾವುದೋ ಯುರೋಪಿನ ಊರು ಮುಟ್ಟಿತು ಎಂದು ಕ್ರಿಕೆಟ್ ಸ್ಕೋರಿನ ಹಾಗೆ ವರದಿ ಕೊಡುತ್ತಿದ್ದರು. ಉಮ್ ಸಾಲಿಹ್‌ಗೆ ಪಾರ್ಸೆಲ್ಲಿನ ಚಿಂತೆ ಇರಲಿಲ್ಲ. ರೆಕಾರ್ಡ್ ಮಾಡಿ ಕಳಿಸಿದ ಮಾತನ್ನು ರೀಮ್ ಅದೇ ದಿನ ಕೇಳಿಸಿಕೊಂಡಿದ್ದಳು, ಮೆಸೇಜಿನ ಕೆಳಗೆ ಎರಡು ನೀಲಿ ಗೆರೆ ಬಂದಿತ್ತು. ಉತ್ತರ ಬರಲಿಲ್ಲ. ಮೊದಲು "ಹೂಂ" ಎಂದಾದರೂ ಬರುತ್ತಿತ್ತು, ಈಗ ಅದೂ ನಿಂತಿತು. ಅವರು ಮೆಟ್ಟಿಲ ಮೇಲೆ ಸಿಕ್ಕಾಗ ಮಾತಾಡಿಸಲು ನನಗೆ ಧೈರ್ಯ ಸಾಲುತ್ತಿರಲಿಲ್ಲ. ಇದ್ದ ಒಂದೆಳೆಯನ್ನೂ ನನ್ನ ಸೋಪಿನ ಪುಡಿ ತಿಂದುಹಾಕಿತು ಎಂದುಕೊಂಡು ಕೊರಗುತ್ತಿದ್ದೆ. ಆ ದಿನಗಳಲ್ಲಿ ನಮ್ಮ ಮನೆಯ ಮಷೀನು ಕೂಡ ಕಡಿಮೆ ತಿರುಗಿತು. ನನ್ನ ಗಂಡ ಎರಡು ದಿನ ಒಂದೇ ಕವರಾಲ್ ಹಾಕಿಕೊಂಡು ಹೋದರೂ ನಾನು ಗಮನಿಸಲಿಲ್ಲ. ಅವರೇ ಗಾಬರಿಯಾಗಿ, "ನಿನಗೆ ಹುಷಾರಿಲ್ವಾ?" ಎಂದು ಕೇಳಿದರು.

ಒಂದು ಸಂಜೆ, ನಾನು ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೆ, ಬಾಗಿಲು ದಡದಡ ಬಡಿದ ಸದ್ದು. ತೆರೆದರೆ ಉಮ್ ಸಾಲಿಹ್. ಕಾಲಲ್ಲಿ ಚಪ್ಪಲಿ ಇಲ್ಲ, ತಲೆವಸ್ತ್ರ ಹೆಗಲಿಗೆ ಜಾರಿದೆ. ಮೆಟ್ಟಿಲು ಹತ್ತಿ ಏದುಸಿರು. ಫೋನನ್ನು ಎರಡೂ ಕೈಯಲ್ಲಿ ತಟ್ಟೆಯ ಹಾಗೆ ಹಿಡಿದಿದ್ದರು. ಪರದೆಯ ಮೇಲೆ ರೀಮ್. ಅಲ್ಲಿ ಬೆಳಗಾಗಿತ್ತು. ಕಣ್ಣು ಊದಿಕೊಂಡಿತ್ತು. ಹಿಂದೆ ಮಂಚದ ತುಂಬ ಕೌದಿ ಹರಡಿತ್ತು.

"ಅಜ್ಜಿ ಹೋದ ದಿನ ಅವಳ ಮೈಮೇಲೆ ಯಾವ ಬಟ್ಟೆ ಇತ್ತು, ಅದು ಇದರಲ್ಲಿದೆಯಾ ಅಂತ ಕೇಳುತ್ತಿದ್ದಾಳೆ," ಎಂದರು ಉಮ್ ಸಾಲಿಹ್. "ಇದೆ ಅಂದೆ. ನೀಲಿ, ಬಿಳಿ ಚುಕ್ಕೆಯದು. ಆದರೆ ಎಲ್ಲಿದೆ ಅಂತ ನನಗೆ ಹೇಳಲಾಗುತ್ತಿಲ್ಲ. ಈ ಚಿಕ್ಕ ಪರದೆಯಲ್ಲಿ ಎಲ್ಲ ನೀಲಿಯೂ ಒಂದೇ ಥರ ಕಾಣುತ್ತದೆ. ನೀನು ಹೇಳು."

ಒಲೆ ಆರಿಸಿದೆ. ಸೆರಗಿಗೆ ಕೈ ಒರೆಸಿಕೊಂಡು ಫೋನಿನ ಮುಂದೆ ಕೂತೆ. ಹೊಲಿದವಳಿಗೆ ಕೌದಿಯ ಲೆಕ್ಕ ತಪ್ಪುವುದಿಲ್ಲ. ಕಣ್ಣು ಮುಚ್ಚಿದರೂ ಒಂದೊಂದು ತುಂಡಿನ ಜಾಗ ನನ್ನ ಬೆರಳಿಗೆ ಗೊತ್ತಿತ್ತು.

"ರೀಮ್, ಕೆಂಪು ಅಂಚು ನಿನ್ನ ಕಡೆ ಬರುವ ಹಾಗೆ ತಿರುಗಿಸಮ್ಮ. ಎಡಗಡೆಯ ಮೂಲೆಯಿಂದ ಮೇಲಕ್ಕೆ ಮೂರನೇ ಸಾಲು. ಅಲ್ಲಿಂದ ಬಲಕ್ಕೆ ಐದು ತುಂಡು ಎಣಿಸು. ಪಕ್ಕದಲ್ಲಿ ಹಸಿರು ಇದೆ ನೋಡು."

ಅವಳು ಮಂಡಿಯೂರಿ ಒಂದೊಂದೇ ತುಂಡು ಮುಟ್ಟುತ್ತ ಎಣಿಸಿದಳು. ಐದಕ್ಕೆ ಬೆರಳು ನಿಂತಿತು.

"ಅದೇ," ಎಂದರು ಉಮ್ ಸಾಲಿಹ್. "ಅಂದು ಬೆಳಿಗ್ಗೆ ನಾನೇ ತೊಡಿಸಿದ್ದೆ. ಗುಂಡಿ ನಾನು ಹಾಕುವುದು ಬೇಡ ಅಂದಳು, ತಾನೇ ಹಾಕಿಕೊಂಡಳು."

ರೀಮ್ ಆ ತುಂಡಿನ ಮೇಲೆ ಕೆನ್ನೆಯಿಟ್ಟು ಮಲಗಿದಳು. ಮೂಸಲಿಲ್ಲ. ನಾನು ಎದ್ದು ಒಳಗೆ ಹೋಗಲು ನೋಡಿದೆ, ಉಮ್ ಸಾಲಿಹ್ ನನ್ನ ಮಣಿಕಟ್ಟು ಹಿಡಿದು ಕೂರಿಸಿದರು.

"ಯುಮ್ಮಾ," ಎಂದಳು ರೀಮ್. ಅಮ್ಮಾ ಎಂದು. ಆ ಮಾತನ್ನು ಅವಳ ಬಾಯಿಂದ ಅವರು ಕೇಳಿ ತಿಂಗಳುಗಳೇ ಆಗಿದ್ದವು. "ಆ ದಿನದ್ದು ಹೇಳು. ಏನೂ ಬಿಡಬೇಡ. ಬೆಳಿಗ್ಗೆಯಿಂದ ಹೇಳು."

ಉಮ್ ಸಾಲಿಹ್ ತಲೆವಸ್ತ್ರ ಸರಿಮಾಡಿಕೊಂಡರು. ನನ್ನ ಕೈ ಬಿಡದೆ, ಬೆಳಿಗ್ಗೆಯಿಂದ ಹೇಳತೊಡಗಿದರು.